ಮಾತಿನೊಳಗೆ ಅಡಗಿರುವ ಊಹೆಯನ್ನು ಹಿಡಿಯುವುದು ಹೇಗೆ?

ಒಂದು ಸಂಜೆ ಅಕ್ಕ ಫೋನ್ ಮಾಡಿದಳು. "ಅವಳಿಗೆ ಬೆಳಿಗ್ಗೆಯಿಂದ ಮೂರು ಸಲ ಫೋನ್ ಮಾಡಿದೆ ಕಣೋ, ಎತ್ತಲೇ ಇಲ್ಲ. ನನ್ನ ಮೇಲೆ ಕೋಪ ಬಂದಿರಬೇಕು" ಅಂದಳು. ಅವಳು ಅಂದರೆ ಅಕ್ಕನ ಹಳೇ ಗೆಳತಿ. ನಾನು "ಹೌದಾ? ಯಾಕೆ ಕೋಪ?" ಅಂತ ಕೇಳಿದೆ. ಅಲ್ಲಿಂದ ಅರ್ಧ ಗಂಟೆ ಇಬ್ಬರೂ ಸೇರಿ ಕೋಪಕ್ಕೆ ಕಾರಣ ಹುಡುಕಿದೆವು. ಹೋದ ತಿಂಗಳು ಆಡಿದ ಒಂದು ಮಾತು, ಅದಕ್ಕೂ ಹಿಂದೆ ಮರೆತುಹೋದ ಒಂದು ಹುಟ್ಟುಹಬ್ಬ, ಎಲ್ಲ ಹೊರಬಂತು. ಕೋಪ ಬಂದಿದೆಯಾ ಅನ್ನುವ ಪ್ರಶ್ನೆಯನ್ನು ಮಾತ್ರ ಇಬ್ಬರೂ ಎತ್ತಲಿಲ್ಲ. ಮರುದಿನ ಗೊತ್ತಾಯಿತು, ಗೆಳತಿಯ ಫೋನ್ ರಿಪೇರಿಗೆ ಹೋಗಿತ್ತು.

ಅಕ್ಕನ ಮಾತನ್ನು ಬಿಡಿಸಿ ನೋಡಿ. ಅವಳಿಗೆ ಗೊತ್ತಿದ್ದದ್ದು ಒಂದೇ: ಗೆಳತಿ ಫೋನ್ ಎತ್ತಲಿಲ್ಲ. ಅವಳು ತಲುಪಿದ ತೀರ್ಮಾನ: ಕೋಪ ಬಂದಿದೆ. ಇವೆರಡರ ನಡುವೆ ಅವಳು ಬಾಯಿಬಿಟ್ಟು ಹೇಳದ ಕೆಲವು ಸಂಗತಿಗಳಿವೆ. ನನ್ನ ಕರೆ ಅವಳಿಗೆ ಗೊತ್ತಾಗಿದೆ. ಎತ್ತುವ ಸ್ಥಿತಿಯಲ್ಲಿ ಅವಳಿದ್ದಳು. ಆ ಸ್ಥಿತಿಯಲ್ಲಿದ್ದೂ ಎತ್ತದಿರಲು ಕೋಪವೇ ಕಾರಣ ಇರಬೇಕು. ಈ ಮೂರರಲ್ಲಿ ಒಂದು ಬಿದ್ದರೂ ತೀರ್ಮಾನಕ್ಕೆ ಆಧಾರವಿಲ್ಲ. ಹೀಗೆ ಹೇಳದೆಯೇ ಒಪ್ಪಿಕೊಂಡು ಮುಂದೆ ಹೋಗುವ ಸಂಗತಿಯನ್ನು ತರ್ಕದಲ್ಲಿ ಪೂರ್ವಕಲ್ಪನೆ ಅಂತಲೂ ಕರೆಯುತ್ತಾರೆ. ಇಲ್ಲಿ ನಾನು ಅದನ್ನು ಒಳ ಊಹೆ ಅನ್ನುತ್ತೇನೆ.

ಒಂದು ವಿಷಯ ಮೊದಲೇ ಹೇಳಿಬಿಡಬೇಕು. ಒಳ ಊಹೆ ಇರುವುದು ತಪ್ಪಲ್ಲ. ಅದಿಲ್ಲದೆ ಮಾತಾಡಲು ಆಗುವುದೇ ಇಲ್ಲ. ಅರಿಸ್ಟಾಟಲ್ ಕ್ರಿ.ಪೂ. 4ನೇ ಶತಮಾನದಲ್ಲೇ ಇದನ್ನು ಗಮನಿಸಿದ್ದ. ಡೋರಿಯಸ್ ಅನ್ನುವ ಕ್ರೀಡಾಪಟು ಒಲಿಂಪಿಕ್ಸ್‌ನಲ್ಲಿ ಗೆದ್ದ ಅಂದರೆ ಸಾಕು, ಅಲ್ಲಿ ಗೆದ್ದವರಿಗೆ ಕಿರೀಟ ತೊಡಿಸುತ್ತಾರೆ ಅಂತ ಬೇರೆ ಹೇಳಬೇಕಿಲ್ಲ, ಕೇಳುವವರೇ ಅದನ್ನು ಸೇರಿಸಿಕೊಳ್ಳುತ್ತಾರೆ ಅಂತ ಆತ ಬರೆದ. ಎಲ್ಲರಿಗೂ ಗೊತ್ತಿರುವುದನ್ನು ಬಿಟ್ಟು ಮಾತಾಡುವುದು ಸಹಜ. ಎಲ್ಲರಿಗೂ ಗೊತ್ತು ಅಂತ ನಾವು ಬಿಟ್ಟದ್ದು ನಿಜವಾಗಿರದಿದ್ದಾಗ ತೊಂದರೆ ಶುರುವಾಗುತ್ತದೆ.

ಮೊದಲು ಮಾತನ್ನು ಎರಡು ತುಂಡು ಮಾಡಿ

ಯಾವುದೇ ಮಾತು ಸಿಕ್ಕಾಗ ಎರಡು ಪ್ರಶ್ನೆ ಕೇಳಿ. ಇವರು ನನ್ನಿಂದ ಏನನ್ನು ಒಪ್ಪಿಸಬೇಕು ಅಂತಿದ್ದಾರೆ? ಅದಕ್ಕೆ ಕೊಟ್ಟ ಕಾರಣ ಏನು? ಮೊದಲನೆಯದು ತೀರ್ಮಾನ, ಎರಡನೆಯದು ಆಧಾರ. ಒಂದು ಹಾಳೆಯ ಎಡಕ್ಕೆ ಆಧಾರ, ಬಲಕ್ಕೆ ತೀರ್ಮಾನ ಬರೆಯಿರಿ, ನಡುವೆ ಜಾಗ ಬಿಡಿ. ಶುರುವಿನಲ್ಲಿ ಬರೆದೇ ಮಾಡಿ. ತಲೆಯಲ್ಲೇ ಮಾಡಲು ಹೋದರೆ ಆ ಖಾಲಿ ಜಾಗ ತಾನಾಗಿ ತುಂಬಿಕೊಂಡುಬಿಡುತ್ತದೆ, ನಮಗೆ ಕಾಣುವುದಿಲ್ಲ.

ನಮ್ಮ ಮಾತಿನಲ್ಲಿ ಈ ತುಂಡುಗಳನ್ನು ಜೋಡಿಸುವ ಪದಗಳು ಬೇಕಾದಷ್ಟಿವೆ. ಹಾಗಾಗಿ, ಅದಕ್ಕೇ, ಯಾಕಂದ್ರೆ, ಅಂದ್ಮೇಲೆ. "ಇಷ್ಟು ಓದಿದ್ದಾರೆ ಅಂದ್ಮೇಲೆ ತಿಳಿವಳಿಕೆ ಇದ್ದೇ ಇರುತ್ತೆ" ಅನ್ನುವಲ್ಲಿ "ಅಂದ್ಮೇಲೆ" ಬಂದ ಜಾಗವೇ ಕೀಲು. ಇನ್ನೊಂದು ಗುರುತು ಕ್ರಿಯಾಪದದ ತುದಿಯಲ್ಲಿರುತ್ತದೆ: "ಬಂದಿರಬೇಕು", "ಮರೆತಿರಬೇಕು", "ಹೋಗಿರುತ್ತಾನೆ". ಹೀಗೆ ಹೇಳಿದವರು ಕಣ್ಣಾರೆ ಕಂಡಿಲ್ಲ, ಯಾವುದರಿಂದಲೋ ಲೆಕ್ಕ ಹಾಕಿ ಹೇಳುತ್ತಿದ್ದಾರೆ. ಅಕ್ಕನ ಮಾತಿನಲ್ಲೂ "ಬಂದಿರಬೇಕು" ಇತ್ತು. ನಾನು ಅದನ್ನು ಕೇಳಿಸಿಕೊಂಡೆ, ಗಮನಿಸಲಿಲ್ಲ.

ತೀರ್ಮಾನದಲ್ಲಿ ಹೊಸದಾಗಿ ನುಗ್ಗಿದ ಪದ ಯಾವುದು?

ನನಗೆ ಅತಿ ಹೆಚ್ಚು ಸಹಾಯ ಮಾಡಿದ ಉಪಾಯ ಇದು. "ಅವಳು ಪ್ರತಿ ಪರೀಕ್ಷೆಯಲ್ಲೂ ಫಸ್ಟ್. ಒಳ್ಳೆ ಡಾಕ್ಟರ್ ಆಗ್ತಾಳೆ." ಆಧಾರದಲ್ಲಿ ಇರುವುದು ಪರೀಕ್ಷೆ. ತೀರ್ಮಾನದಲ್ಲಿ ಇರುವುದು ಒಳ್ಳೆ ಡಾಕ್ಟರ್. "ಒಳ್ಳೆ ಡಾಕ್ಟರ್" ಅನ್ನುವುದು ಆಧಾರದಲ್ಲಿ ಎಲ್ಲೂ ಇಲ್ಲ, ಏಕಾಏಕಿ ಬಂದಿದೆ. ಹಾಗಿದ್ದರೆ ಪರೀಕ್ಷೆಯಿಂದ ಒಳ್ಳೆ ಡಾಕ್ಟರ್ ತನಕ ಒಂದು ಸೇತುವೆ ಇರಲೇಬೇಕು. ಪರೀಕ್ಷೆಯಲ್ಲಿ ಮುಂದಿರಲು ಬೇಕಾದ ಗುಣಗಳು ಒಳ್ಳೆ ಡಾಕ್ಟರ್ ಆಗಲೂ ಸಾಕಾಗುತ್ತವೆ ಅನ್ನುವುದು ಆ ಸೇತುವೆ. ಬಾಯಿಬಿಟ್ಟು ಹೇಳಿದ ಕೂಡಲೇ ಅದನ್ನು ಪರೀಕ್ಷಿಸಬಹುದು, ಅಲ್ವಾ? ರೋಗಿ ಹೇಳುವುದನ್ನು ತಾಳ್ಮೆಯಿಂದ ಕೇಳುವ ಗುಣ ಪ್ರಶ್ನೆಪತ್ರಿಕೆಯಲ್ಲಿ ಅಳೆಯಲು ಸಿಗುತ್ತದಾ?

ಈ ಸೇತುವೆಯನ್ನು ಬಾಯಿಬಿಟ್ಟು ಹೇಳಲೇಬೇಕು ಅಂತ ಹಟ ಹಿಡಿದವರು ನ್ಯಾಯಶಾಸ್ತ್ರದವರು. ಇಲ್ಲಿ ನ್ಯಾಯ ಅಂದರೆ ಕೋರ್ಟಿನದಲ್ಲ, ಭಾರತದ ಹಳೆಯ ತರ್ಕಪಂಥ. ಅವರ ವಾದಕ್ಕೆ ಐದು ಅಂಗ: ಪ್ರತಿಜ್ಞೆ, ಹೇತು, ಉದಾಹರಣೆ, ಉಪನಯ, ನಿಗಮನ. ಬೆಟ್ಟದಲ್ಲಿ ಬೆಂಕಿ ಇದೆ. ಯಾಕೆಂದರೆ ಹೊಗೆ ಕಾಣುತ್ತಿದೆ. ಎಲ್ಲಿ ಹೊಗೆಯೋ ಅಲ್ಲಿ ಬೆಂಕಿ, ಅಡುಗೆಮನೆಯಲ್ಲಿ ಕಂಡ ಹಾಗೆ. ಈ ಬೆಟ್ಟದಲ್ಲೂ ಅಂಥ ಹೊಗೆ ಇದೆ. ಹಾಗಾಗಿ ಇಲ್ಲಿ ಬೆಂಕಿ ಇದೆ. ಇದರಲ್ಲಿ ಮೂರನೆಯ ಅಂಗವನ್ನು, ಅಂದರೆ ಉದಾಹರಣೆಯನ್ನು, ಗಮನಿಸಿ. ಹೊಗೆಗೂ ಬೆಂಕಿಗೂ ಬಿಡದ ನಂಟಿದೆ ಅನ್ನುವುದನ್ನು ಅವರು ವ್ಯಾಪ್ತಿ ಅಂದರು, ಅದನ್ನು ಮರೆಯಲ್ಲಿ ಇಡದೆ ಉದಾಹರಣೆ ಸಮೇತ ಎದುರಿಗೆ ಇಟ್ಟರು. ದಿನನಿತ್ಯದ ಜಗಳಗಳಲ್ಲಿ ನಾವು ನುಂಗಿಕೊಳ್ಳುವುದು ಇದೇ ಮೂರನೆಯ ಅಂಗವನ್ನು.

ಈಗ ನಮ್ಮ ಗಾದೆ ತಗೊಳ್ಳಿ: "ಬೆಂಕಿ ಇಲ್ಲದೆ ಹೊಗೆ ಆಡೀತೇ?" ಯಾರದೋ ಬಗ್ಗೆ ಗಾಳಿಸುದ್ದಿ ಬಂದಾಗ ಇದನ್ನು ಹೇಳುತ್ತೇವೆ. ಬೆಟ್ಟದ ಹೊಗೆಗೆ ಹೊಂದುವ ವ್ಯಾಪ್ತಿಯನ್ನು ಸುದ್ದಿಗೆ ಅಂಟಿಸಿಬಿಟ್ಟೆವು. ಹೊಗೆಯನ್ನು ಬೆಂಕಿಯೇ ಎಬ್ಬಿಸಬೇಕು. ಸುದ್ದಿಯನ್ನು ಹೊಟ್ಟೆಕಿಚ್ಚೂ ಎಬ್ಬಿಸಬಹುದು, ಅರ್ಧ ಕೇಳಿಸಿಕೊಂಡ ಮಾತೂ ಎಬ್ಬಿಸಬಹುದು. "ಸುದ್ದಿಗೂ ಸತ್ಯಕ್ಕೂ ಹೊಗೆ ಬೆಂಕಿಯಷ್ಟೇ ಗಟ್ಟಿ ನಂಟು" ಅನ್ನುವುದು ಗಾದೆ ಹೇಳಿದವರ ಒಳ ಊಹೆ. ಆ ಗಾದೆಯಿಂದ ಒಬ್ಬರ ಹೆಸರೇ ಹಾಳಾಗಬಹುದು ಅನ್ನುವುದನ್ನು ನೆನೆದರೆ ಈ ಅಭ್ಯಾಸ ಯಾಕೆ ಬೇಕು ಅಂತ ಬೇರೆ ಹೇಳಬೇಕಿಲ್ಲ.

ಉಲ್ಟಾ ಮಾಡಿ ನೋಡಿ

ನೀವು ಕಂಡುಕೊಂಡ ಊಹೆ ನಿಜವಾಗಿಯೂ ಆ ಮಾತಿನಲ್ಲಿ ಇದೆಯಾ, ಇಲ್ಲ ನೀವೇ ತುಂಬಿದ್ದಾ? ಇದಕ್ಕೊಂದು ಪರೀಕ್ಷೆ ಇದೆ. ಆ ಊಹೆಯನ್ನು ಸುಳ್ಳು ಅಂದುಕೊಳ್ಳಿ. ಆಮೇಲೂ ಮಾತು ನಿಲ್ಲುತ್ತದಾ? ಬಿದ್ದರೆ ಊಹೆ ನಿಜಕ್ಕೂ ಅಲ್ಲಿತ್ತು. ನಿಂತರೆ ಅದು ಬೇಕಿರಲಿಲ್ಲ.

ಒಂದು ಬೋರ್ಡ್ ಇದೆ ಅಂದುಕೊಳ್ಳಿ: "ಗೇಟಿನ ಮುಂದೆ ವಾಹನ ನಿಲ್ಲಿಸಬೇಡಿ." ಇದರ ಒಳ ಊಹೆ ಯಾವುದು?

"ಹೇಳದಿದ್ದರೆ ಯಾರಾದರೂ ನಿಲ್ಲಿಸಬಹುದು." ಉಲ್ಟಾ ಮಾಡಿ: ಯಾರೂ ಎಂದೂ ನಿಲ್ಲಿಸುವುದಿಲ್ಲ. ಆಗ ಬೋರ್ಡಿಗೆ ಅರ್ಥವೇ ಇಲ್ಲ. ಹಾಗಾಗಿ ಇದು ಇದೆ.

"ಬೋರ್ಡ್ ಓದಿದವರಲ್ಲಿ ಕೆಲವರಾದರೂ ಮಾತು ಕೇಳುತ್ತಾರೆ." ಉಲ್ಟಾ: ಒಬ್ಬರೂ ಕೇಳುವುದಿಲ್ಲ. ಬೋರ್ಡ್ ಸುಮ್ನೆ. ಇದೂ ಇದೆ.

"ಹಿಂದೆ ಯಾರೋ ಇಲ್ಲಿ ನಿಲ್ಲಿಸಿದ್ದರು." ಉಲ್ಟಾ: ಇಲ್ಲಿತನಕ ಯಾರೂ ನಿಲ್ಲಿಸಿಲ್ಲ. ಆದರೂ ಮುನ್ನೆಚ್ಚರಿಕೆಗೆ ಬೋರ್ಡ್ ಹಾಕಬಹುದಲ್ವಾ? ಹಾಗಾಗಿ ಇದು ಇಲ್ಲ. ನಿಜವಿರಬಹುದು, ಆದರೆ ಬೋರ್ಡಿಗೆ ಅದರ ಅಗತ್ಯವಿಲ್ಲ.

"ಇಲ್ಲಿನ ಜನಕ್ಕೆ ಶಿಸ್ತೇ ಇಲ್ಲ." ಇದು ಓದಿದವರ ಸಿಟ್ಟು. ಬೋರ್ಡಿನದಲ್ಲ.

ಕೊನೆಯ ಎರಡರ ಮೇಲೆ ನಾನು ಜಾಸ್ತಿ ಒತ್ತು ಕೊಡುತ್ತೇನೆ. ಒಳ ಊಹೆ ಹುಡುಕುವುದನ್ನು ಕಲಿತವರು ಸಾಮಾನ್ಯವಾಗಿ ಎಡವುವುದು ಇಲ್ಲೇ. ಎದುರಿನವರು ಹೇಳದೇ ಇದ್ದದ್ದನ್ನೆಲ್ಲ ಅವರ ತಲೆಗೆ ಕಟ್ಟಿಬಿಡುತ್ತಾರೆ. ಮಾತು ನಿಲ್ಲಲು ಎಷ್ಟು ಬೇಕೋ ಅಷ್ಟೇ ಊಹೆ ಹೊರತೆಗೆಯಬೇಕು. ಡಾಕ್ಟರ್ ಉದಾಹರಣೆಯಲ್ಲಿ "ಮಾರ್ಕ್ಸ್ ಬಂದವರೆಲ್ಲ ಒಳ್ಳೆ ಡಾಕ್ಟರೇ ಆಗುತ್ತಾರೆ" ಅಂತ ಬರೆದರೆ ಜಾಸ್ತಿಯಾಯಿತು. "ಪರೀಕ್ಷೆಯಲ್ಲಿ ಸತತವಾಗಿ ಮುಂದಿರುವುದು ಒಳ್ಳೆ ಡಾಕ್ಟರ್ ಆಗುವುದಕ್ಕೆ ನಂಬಬಹುದಾದ ಸೂಚನೆ" ಅಂದರೆ ಹೇಳಿದವರಿಗೆ ನ್ಯಾಯ ಸಿಗುತ್ತದೆ. ಎಲ್ಲ, ಯಾವಾಗಲೂ, ಮಾತ್ರ, ಎಂದಿಗೂ ಅನ್ನುವ ಪದಗಳು ನಿಮ್ಮ ಹಾಳೆಯ ನಡುವಿನ ಜಾಗದಲ್ಲಿ ಬಂದಿದ್ದರೆ ಒಮ್ಮೆ ನಿಂತು ನೋಡಿ. ಬಹಳ ಸಲ ಅವು ಮೂಲ ಮಾತಿನಲ್ಲಿ ಇರುವುದೇ ಇಲ್ಲ.

ವೇದವಾಕ್ಯಗಳ ಅರ್ಥವನ್ನು ವಿಚಾರ ಮಾಡಿದ ಮೀಮಾಂಸಕರ ಒಂದು ಹಳೆಯ ಉದಾಹರಣೆ ಇಲ್ಲಿ ನೆನಪಾಗುತ್ತದೆ. ದೇವದತ್ತ ದಪ್ಪಗಿದ್ದಾನೆ, ಆದರೆ ಹಗಲು ಊಟ ಮಾಡುವುದಿಲ್ಲ. ಹಾಗಾದರೆ ರಾತ್ರಿ ಉಣ್ಣುತ್ತಿರಬೇಕು. ಎರಡೂ ಸಂಗತಿ ಒಟ್ಟಿಗೆ ನಿಲ್ಲಬೇಕಾದರೆ ಯಾವುದನ್ನು ಒಪ್ಪಲೇಬೇಕೋ ಅದನ್ನು ಒಪ್ಪುವುದಕ್ಕೆ ಅವರು ಅರ್ಥಾಪತ್ತಿ ಅಂದರು, ಅದನ್ನೇ ಬೇರೆ ಪ್ರಮಾಣವಾಗಿ, ಅಂದರೆ ತಿಳಿಯುವ ಬೇರೆಯೇ ದಾರಿಯಾಗಿ, ಎಣಿಸಿದರು. ನ್ಯಾಯದವರು ಅದೂ ಅನುಮಾನದ ಒಂದು ಬಗೆಯೇ ಅಂದರು. ಇಲ್ಲಿ ಅನುಮಾನ ಅಂದರೆ ಸಂಶಯವಲ್ಲ, ಕಂಡದ್ದರಿಂದ ಕಾಣದ್ದನ್ನು ತಿಳಿಯುವುದು. ನಾವು ಮಾಡುತ್ತಿರುವ ಕೆಲಸವೂ ಇದಕ್ಕೆ ಬಹಳ ಹತ್ತಿರ. ಸ್ವಾರಸ್ಯ ಏನಂದರೆ ಈ ಉದಾಹರಣೆಯೊಳಗೂ ಒಂದು ಊಹೆ ಕೂತಿದೆ: ಊಟವಿಲ್ಲದೆ ಮೈ ಹಾಗೇ ಉಳಿಯುವುದಿಲ್ಲ. ಎಷ್ಟು ಸಹಜವಾಗಿ ಒಪ್ಪಿಕೊಂಡುಬಿಟ್ಟೆವು ನೋಡಿ.

ಸಣ್ಣ ಪದಗಳಲ್ಲಿ ಕೈ ಹಾಕಿ

ಈವರೆಗೆ ನೋಡಿದ್ದು ಕಾರಣಕ್ಕೂ ತೀರ್ಮಾನಕ್ಕೂ ನಡುವೆ ಇರುವ ಊಹೆ. ಇನ್ನೊಂದು ಬಗೆ ಇದೆ. ಅದು ಒಂದೇ ವಾಕ್ಯದೊಳಗೆ, ಕೆಲವೊಮ್ಮೆ ಒಂದೇ ಅಕ್ಷರದೊಳಗೆ ಇರುತ್ತದೆ.

"ಅವರು ಬಡವರಾದರೂ ಪ್ರಾಮಾಣಿಕರು." ಹೊಗಳಲೆಂದೇ ಹೇಳಿದ ಮಾತು. ಈಗ "ಆದರೂ" ತೆಗೆದು ಎರಡು ವಾಕ್ಯ ಮಾಡಿ. ಅವರು ಬಡವರು. ಅವರು ಪ್ರಾಮಾಣಿಕರು. ವಿಷಯ ಏನೂ ಕಡಿಮೆ ಆಗಲಿಲ್ಲ. ಆದರೆ ಒಂದು ಸಂಗತಿ ಮಾಯವಾಯಿತು: ಬಡವರಲ್ಲಿ ಪ್ರಾಮಾಣಿಕತೆ ನಿರೀಕ್ಷಿಸುವಂಥದ್ದಲ್ಲ ಅನ್ನುವುದು. ಅಷ್ಟು ದೊಡ್ಡ ಆರೋಪ ಆ ಮೂರಕ್ಷರದ "ಆದರೂ" ಒಳಗಿತ್ತು. ಹೇಳಿದವರಿಗೂ ಗೊತ್ತಿರಲಿಕ್ಕಿಲ್ಲ. ಅವರ ಮಕ್ಕಳು ಪಕ್ಕದಲ್ಲಿ ಕೂತು ಕೇಳಿಸಿಕೊಂಡಿದ್ದರೆ ಅವರಿಗೆ ಗೊತ್ತಾಗಿರುತ್ತದೆ.

ಹೀಗೇ ಇನ್ನಷ್ಟು. "ಇವತ್ತು ನೀನೂ ಲೇಟಾ?" ಅಂದರೆ ಬೇರೆ ಯಾರೋ ಲೇಟಾಗಿದ್ದಾರೆ. ಎಲ್ಲಾ ಆ "ಊ" ಮಾಡಿದ ಕೆಲಸ. "ಮತ್ತೆ ಸುಳ್ಳು ಹೇಳ್ತಿದ್ದೀಯಾ?" ಅಂದರೆ ಹಿಂದೆಯೂ ಹೇಳಿದ್ದೀಯ. "ಇನ್ನೂ ಕೆಲಸ ಸಿಕ್ಕಿಲ್ವಾ?" ಅಂದರೆ ಇಷ್ಟರಲ್ಲಿ ಸಿಗಬೇಕಿತ್ತು. "ಸಿಗರೇಟ್ ಸೇದೋದು ಬಿಟ್ಟೆಯಾ?" ಅಂದರೆ ಹೌದು ಅಂದರೂ ಕಷ್ಟ, ಇಲ್ಲ ಅಂದರೂ ಕಷ್ಟ, ಎಂದೂ ಸೇದದವನಿಗೆ ಉತ್ತರವೇ ಇಲ್ಲ. "ಅವನು ಮೋಸ ಮಾಡಿದ್ದು ಅವಳಿಗೆ ಗೊತ್ತಿಲ್ಲ" ಅನ್ನುವುದನ್ನು "ಅವನು ಮೋಸ ಮಾಡಿದ ಅಂತ ಅವಳು ಅಂದುಕೊಂಡಿಲ್ಲ" ಅನ್ನುವುದರ ಪಕ್ಕ ಇಟ್ಟು ನೋಡಿ. ಮೊದಲನೆಯದರಲ್ಲಿ ಮೋಸ ನಡೆದೇ ಹೋಗಿದೆ. ಎರಡನೆಯದರಲ್ಲಿ ಇನ್ನೂ ಗೊತ್ತಿಲ್ಲ.

ಈ ಬಗೆಯ ಊಹೆಗೆ ಪರೀಕ್ಷೆ ಬೇರೆ. ಇಲ್ಲಿ ಊಹೆಯನ್ನಲ್ಲ, ಮಾತನ್ನೇ ಉಲ್ಟಾ ಮಾಡಬೇಕು. ಜರ್ಮನಿಯ ತರ್ಕಶಾಸ್ತ್ರಜ್ಞ ಗಾಟ್‌ಲೋಬ್ ಫ್ರೇಗೆ 1892ರಲ್ಲಿ ಇದಕ್ಕೆ ಒಂದು ಉದಾಹರಣೆ ಕೊಟ್ಟ: "ಕೆಪ್ಲರ್ ಕಷ್ಟದಲ್ಲಿ ಸತ್ತ." ಇದನ್ನು "ಕೆಪ್ಲರ್ ಕಷ್ಟದಲ್ಲಿ ಸಾಯಲಿಲ್ಲ" ಅಂತ ಮಾಡಿ. ಎರಡರಲ್ಲೂ ಕೆಪ್ಲರ್ ಅನ್ನುವವನೊಬ್ಬ ಇದ್ದ ಅನ್ನುವುದು ಹಾಗೇ ಉಳಿಯುತ್ತದೆ. ಮಾತನ್ನು ಹೌದು ಅಂದರೂ, ಇಲ್ಲ ಅಂದರೂ, ಪ್ರಶ್ನೆ ಮಾಡಿದರೂ ಅಲುಗಾಡದೆ ಉಳಿಯುವುದೇ ಒಳ ಊಹೆ. ಅದಕ್ಕೇ ಇಂಥ ಪ್ರಶ್ನೆಗೆ ಸುಮ್ನೆ "ಇಲ್ಲ" ಅಂದರೆ ಸಾಲದು. "ನಾನು ಯಾವತ್ತೂ ಸೇದಿಯೇ ಇಲ್ಲ" ಅಂತ ಊಹೆಗೇ ನೇರವಾಗಿ ಉತ್ತರ ಕೊಡಬೇಕು.

ಪ್ರಶ್ನೆಯಲ್ಲಿರುವ ಒಂದು ಪದ ನೆನಪನ್ನೇ ಬದಲಿಸಬಲ್ಲದು. ಅಮೆರಿಕದ ಮನಶ್ಶಾಸ್ತ್ರಜ್ಞೆ ಎಲಿಜಬೆತ್ ಲಾಫ್ಟಸ್ ಮತ್ತು ಜಾನ್ ಪಾಮರ್ 1974ರಲ್ಲಿ ಇದನ್ನು ಪ್ರಯೋಗ ಮಾಡಿ ತೋರಿಸಿದರು. ಕಾರು ಅಪಘಾತದ ತುಣುಕು ತೋರಿಸಿ, ಕೆಲವರಿಗೆ "ಕಾರುಗಳು ಒಂದಕ್ಕೊಂದು ತಾಗಿದಾಗ ಎಷ್ಟು ವೇಗದಲ್ಲಿದ್ದವು?" ಅಂತ ಕೇಳಿದರು. ಇನ್ನು ಕೆಲವರಿಗೆ "ನುಚ್ಚುನೂರಾಗುವಂತೆ ಗುದ್ದಿದಾಗ" ಅನ್ನುವ ಅರ್ಥದ ಪದ ಬಳಸಿದರು. ಒಂದು ವಾರದ ನಂತರ, ಒಡೆದ ಗಾಜು ನೋಡಿದಿರಾ ಅಂತ ಕೇಳಿದರು. ಚಿತ್ರದಲ್ಲಿ ಒಡೆದ ಗಾಜೇ ಇರಲಿಲ್ಲ. ತಾಗಿದ ಅನ್ನುವ ಪ್ರಶ್ನೆ ಕೇಳಿದ್ದ 50 ಜನರಲ್ಲಿ 7 ಮಂದಿ ನೋಡಿದ್ದೇವೆ ಅಂದರು. ಗುದ್ದಿದ ಅನ್ನುವ ಪ್ರಶ್ನೆ ಕೇಳಿದ್ದ 50ರಲ್ಲಿ 16 ಮಂದಿ. ಮಕ್ಕಳನ್ನು ವಿಚಾರಿಸುವಾಗ "ಯಾಕೆ ಹೊಡೆದೆ?" ಅನ್ನುವ ಮೊದಲು "ಏನಾಯ್ತು?" ಅಂತ ಕೇಳಬೇಕು ಅನ್ನುವುದು ನನಗೆ ಇದರಿಂದ ಗಟ್ಟಿಯಾಯಿತು.

ಕಣ್ಣಿಗೇ ಬೀಳದ ಊಹೆಗಳು

ಎಲ್ಲರೂ ಒಪ್ಪಿರುವ ಊಹೆ ಹಿಡಿಯುವುದೇ ಎಲ್ಲಕ್ಕಿಂತ ಕಷ್ಟ. ಗ್ರೀಕ್ ಗಣಿತಜ್ಞ ಯೂಕ್ಲಿಡ್ ಕ್ರಿ.ಪೂ. 300ರ ಸುಮಾರಿಗೆ ಒಪ್ಪಿಕೊಂಡದ್ದನ್ನೆಲ್ಲ ಮೊದಲೇ ಪಟ್ಟಿ ಮಾಡಿ ರೇಖಾಗಣಿತ ಕಟ್ಟಿದವನು. ಅವನ ಮೊದಲನೇ ಪ್ರಮೇಯವನ್ನು ನೀವೇ ಬರೆದು ನೋಡಬಹುದು. ಒಂದು ಗೆರೆ ಎಳೆಯಿರಿ. ಅದರ ಎರಡೂ ತುದಿಗಳನ್ನು ಕೇಂದ್ರ ಮಾಡಿ, ಆ ಗೆರೆಯಷ್ಟೇ ತ್ರಿಜ್ಯದ ಎರಡು ವೃತ್ತ ಬರೆಯಿರಿ. ಅವು ಕೂಡುವ ಜಾಗಕ್ಕೆ ಎರಡೂ ತುದಿಯಿಂದ ಗೆರೆ ಎಳೆದರೆ ಮೂರೂ ಬದಿ ಸಮ ಇರುವ ತ್ರಿಕೋನ ಸಿಗುತ್ತದೆ. ಎಲ್ಲ ಸರಿ. ಆದರೆ ಆ ವೃತ್ತಗಳು ಕೂಡಿಯೇ ಕೂಡುತ್ತವೆ ಅಂತ ಅವನ ಪಟ್ಟಿಯಲ್ಲಿ ಎಲ್ಲೂ ಹೇಳಿಲ್ಲ. ಚಿತ್ರದಲ್ಲಿ ಕಾಣುತ್ತದೆ, ಅಷ್ಟೇ. ಇಂಥ ಬಿರುಕುಗಳನ್ನೆಲ್ಲ ಮುಚ್ಚಿ ಹೊಸ ಮೂಲಸೂತ್ರಗಳ ಮೇಲೆ ಜರ್ಮನಿಯ ಗಣಿತಜ್ಞ ಡೇವಿಡ್ ಹಿಲ್ಬರ್ಟ್ ರೇಖಾಗಣಿತವನ್ನು ಕಟ್ಟಿದ್ದು 1899ರಲ್ಲಿ.

ಅಂಕಿಗಳಲ್ಲೂ ಹೀಗೇ. 1999ರ ಸೆಪ್ಟೆಂಬರ್ 23ರಂದು ನಾಸಾದ ಮಾರ್ಸ್ ಕ್ಲೈಮೇಟ್ ಆರ್ಬಿಟರ್ ಅನ್ನುವ ನೌಕೆ ಮಂಗಳ ಗ್ರಹದ ಬಳಿ ಕಳೆದುಹೋಯಿತು. ಒಂದು ಸಾಫ್ಟ್‌ವೇರ್ ತಳ್ಳುವ ಬಲದ ಲೆಕ್ಕವನ್ನು ಪೌಂಡ್‌ಗಳಲ್ಲಿ ಕೊಡುತ್ತಿತ್ತು. ಇನ್ನೊಂದು ಕಡೆಯವರು ಅದು ನ್ಯೂಟನ್‌ಗಳಲ್ಲಿದೆ ಅಂದುಕೊಂಡು ದಾರಿ ಲೆಕ್ಕ ಹಾಕಿದರು. ಎರಡಕ್ಕೂ ಸುಮಾರು 4.45 ಪಟ್ಟು ವ್ಯತ್ಯಾಸ. ನಾವು "ಏಳು ಗಂಟೆಗೆ ಸಿಗೋಣ" ಅಂತ ಮೆಸೇಜ್ ಹಾಕುವಾಗ ಬೆಳಿಗ್ಗೆಯೋ ಸಂಜೆಯೋ ಅಂತ ಬಿಡುವುದೂ ಇದೇ ಜಾತಿಯ ಊಹೆ. ಅಂಕಿ ಕಂಡಲ್ಲೆಲ್ಲ "ಯಾವ ಅಳತೆ, ಯಾವಾಗಿನದು, ಯಾರದು?" ಅಂತ ಕೇಳಿ.

"ಹಿಂದಿನಿಂದ ಹೀಗೇ ಮಾಡ್ಕೊಂಡು ಬಂದಿದ್ದೀವಿ, ಹೀಗೇ ಮಾಡಬೇಕು" ಅನ್ನುವ ಮಾತು ಇನ್ನೊಂದು ಖಾಯಂ ಅಡಗುತಾಣ. "ಇದೆ" ಅನ್ನುವುದರಿಂದ "ಬೇಕು" ಅನ್ನುವುದಕ್ಕೆ ಹಾರಿದಾಗಲೆಲ್ಲ ನಡುವೆ ಯಾವುದೋ ಮೌಲ್ಯ ಕೂತಿರುತ್ತದೆ. ಸ್ಕಾಟ್ಲೆಂಡಿನ ತತ್ವಜ್ಞಾನಿ ಡೇವಿಡ್ ಹ್ಯೂಮ್ 1740ರಲ್ಲೇ ಈ ಹಾರಿಕೆಯ ಬಗ್ಗೆ ಎಚ್ಚರಿಸಿದ್ದ.

ಪರೀಕ್ಷೆಗೆ ಓದುತ್ತಿರುವವರಿಗೆ

ಸ್ಪರ್ಧಾತ್ಮಕ ಪರೀಕ್ಷೆಗಳಲ್ಲಿ ಒಂದು ಹೇಳಿಕೆ, ಕೆಳಗೆ ಎರಡು ಮೂರು ಊಹೆ ಕೊಟ್ಟು ಯಾವುದು ಅಡಕವಾಗಿದೆ ಅಂತ ಕೇಳುತ್ತಾರೆ. ಊಹೆ ಮಾತಿಗೆ ಮೊದಲು ಬರುವುದು, ತೀರ್ಮಾನ ಮಾತಿನ ನಂತರ ಬರುವುದು. ಇವೆರಡನ್ನು ಬೆರೆಸಿದರೆ ಮಾರ್ಕ್ಸ್ ಹೋಗುತ್ತದೆ. ಜಾಹೀರಾತು ಕೊಟ್ಟಿದ್ದರೆ, ಹೇಳಿದ ಗುಣ ಜನಕ್ಕೆ ಬೇಕಾಗಿದೆ ಅನ್ನುವುದು ಅದರಲ್ಲಿ ಸಾಮಾನ್ಯವಾಗಿ ಅಡಕ. ಆ ವಸ್ತು ಬೇರೆ ಎಲ್ಲಕ್ಕಿಂತ ಒಳ್ಳೆಯದು ಅನ್ನುವುದು ಅಡಕವಲ್ಲ, ಹಾಗಂತ ಹೇಳಿದ್ದರೆ ಮಾತ್ರ ಬೇರೆ ಮಾತು. ಸಲಹೆ ಕೊಟ್ಟಿದ್ದರೆ, ಅದನ್ನು ಪಾಲಿಸಲು ಆಗುತ್ತದೆ, ಪಾಲಿಸಿದರೆ ಪ್ರಯೋಜನ ಇದೆ ಅನ್ನುವುದು ಅಡಕ. ನಿಮಗೆ ವಿಷಯದ ಬಗ್ಗೆ ಹೊರಗಿನಿಂದ ಗೊತ್ತಿರುವುದನ್ನು ಪಕ್ಕಕ್ಕಿಡಿ. ಊಹೆ ಲೋಕದಲ್ಲಿ ನಿಜವೋ ಸುಳ್ಳೋ ಅಂತ ಅಲ್ಲಿ ಕೇಳುತ್ತಿಲ್ಲ.

ಎದುರಿನವರಿಗೆ ಹೇಳುವುದು ಹೇಗೆ

ಊಹೆ ಸಿಕ್ಕಿತು ಅಂತ "ನೀವು ಹೀಗೆ ಅಂದುಕೊಂಡುಬಿಟ್ಟಿದ್ದೀರಿ" ಅಂತ ಬೆರಳು ತೋರಿಸಿದರೆ ಮಾತು ಅಲ್ಲಿಗೇ ನಿಲ್ಲುತ್ತದೆ. ಊಹೆಯನ್ನು ಆದಷ್ಟು ಮೆತ್ತಗಿನ ರೂಪದಲ್ಲಿ ಇಟ್ಟು, ಅವರನ್ನೇ ಕೇಳಿ: "ಕರೆ ಅವಳಿಗೆ ಗೊತ್ತಾಗಿದೆ ಅಂತ ನಾವು ಅಂದುಕೊಳ್ತಾ ಇದ್ದೀವಿ, ಅಲ್ವಾ ಅಕ್ಕ?" ಇಲ್ಲಿ "ನಾವು" ಅನ್ನುವ ಪದ ಬಹಳ ಕೆಲಸ ಮಾಡುತ್ತದೆ. ಅವರು "ಹೌದಲ್ಲ" ಅನ್ನಬಹುದು, "ಇಲ್ಲ, ಅವಳು ಆನ್‌ಲೈನ್ ಇದ್ದದ್ದು ನೋಡಿದೆ" ಅಂತ ಹೊಸ ಆಧಾರವನ್ನೂ ಕೊಡಬಹುದು. ಎರಡೂ ಲಾಭವೇ.

ಇದನ್ನು ಮೊದಲು ನಿಮ್ಮ ಮೇಲೆ ಮಾಡಿ. ದಿನಕ್ಕೆ ನೀವೇ ಆಡಿದ ಒಂದು ವಾಕ್ಯ ಸಾಕು. ನನ್ನ ನೋಟ್‌ಬುಕ್ಕಿನಿಂದ ಈ ವಾರದ ಒಂದು ಪುಟ:

ಹೇಳಿದ್ದು: "ಅವನು ಮೀಟಿಂಗಲ್ಲಿ ಏನೂ ಮಾತಾಡಲಿಲ್ಲ. ಅವನಿಗೆ ಒಪ್ಪಿಗೆ ಇದೆ."
ಆಧಾರ: ಸುಮ್ಮನಿದ್ದ. ತೀರ್ಮಾನ: ಒಪ್ಪಿದ.
ನಡುವೆ: ಒಪ್ಪಿಗೆ ಇಲ್ಲದಿದ್ದರೆ ಹೇಳುತ್ತಿದ್ದ.
ಉಲ್ಟಾ: ಒಪ್ಪಿಗೆ ಇಲ್ಲದಿದ್ದರೂ ಹೇಳುತ್ತಿರಲಿಲ್ಲ. ತೀರ್ಮಾನ ಬಿತ್ತು.
ಮಾಡಬೇಕಾದ್ದು: ನಾಳೆ ಬೆಳಿಗ್ಗೆ ಒಬ್ಬನೇ ಇದ್ದಾಗ ಕೇಳುವುದು. "ನಿನಗೂ ಒಪ್ಪಿಗೆ ತಾನೇ?" ಅಂತ ಬೇಡ. "ನಿನಗೆ ಏನನ್ನಿಸಿತು?" ಅಂತ.